ನಾರಾಯಣಮ್ಮನ ಫೋನಿನಲ್ಲಿ ಕೂತ ಹೆಂಗಸು

ಫೆಬ್ರವರಿ 10, ಸೋಮವಾರ

ಬೆಳಿಗ್ಗೆಯಿಂದ ಆರು ಫೋನಿಗೆ ಟೆಂಪರ್ ಗ್ಲಾಸ್. ಎರಡು ಚಾರ್ಜಿಂಗ್ ಪಿನ್. ಶಿಡ್ಲಘಟ್ಟ ಬಸ್‌ಸ್ಟ್ಯಾಂಡಿನ ಧೂಳೆಲ್ಲ ಬಂದು ಅಂಟಿನ ಮೇಲೆ ಕೂತು ಒಂದು ಗ್ಲಾಸ್ ಹಾಳಾಯಿತು. ಅಂಬರೀಶಣ್ಣನಿಗೆ ಹೇಳಿದೆ. ಹೇಳದಿದ್ದರೆ ಗೊತ್ತಾಗುತ್ತಲೇ ಇರಲಿಲ್ಲ. ಫೋನ್ ರಿಪೇರಿ ಅಂಗಡಿ ಅವರದು, ಗ್ಲಾಸೂ ಅವರದು. “ನಿಂಗೆ ಈ ಕಾಯಿಲೆ ಯಾವಾಗ ಬಿಡತ್ತಮ್ಮ ಕವಿತ?” ಅಂದರು.

ಮಧ್ಯಾಹ್ನ ನಾರಾಯಣಮ್ಮ ಅಂತ ಒಬ್ಬರು ಬಂದರು. ಐವತ್ತು ದಾಟಿರಬೇಕು. ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ಹಳ್ಳಿ. ಎಂಟು ಹೆಂಗಸರ ಗುಂಪು ಇವರದು. ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾದ ಮನೆಗಳಿಗೆ ಹೋಗಿ ಹುಳ ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸ. ಹುಳ ಹಣ್ಣಾಯಿತು ಅಂದರೆ ಅವತ್ತೇ ಆಗಬೇಕು, ನಾಳೆ ಅನ್ನುವ ಹಾಗಿಲ್ಲವಂತೆ. ರೈತರು ಬೆಳಗಿನ ಜಾವ ಫೋನ್ ಮಾಡುತ್ತಾರೆ, ಇವರು ಉಳಿದ ಏಳು ಮನೆ ಬಾಗಿಲು ತಟ್ಟಿ ಹೊರಡಿಸುತ್ತಾರೆ. ಹದಿನಾಲ್ಕು ವರ್ಷದಿಂದ ಒಂದು ಸಲವೂ ತಪ್ಪಿಲ್ಲ. ಅದನ್ನು ಎರಡು ಸಲ ಹೇಳಿದರು.

ಕಷ್ಟ ಏನೆಂದರೆ, ಹಿಪ್ಪುನೇರಳೆ ತೋಟದ ಆ ಕಡೆ ಟವರ್ ಸಿಗುವುದಿಲ್ಲ. ಆಗ ಯಾರು ಮಾಡಿದ್ದರು ಅಂತ ತಿಳಿಯಬೇಕು.

ಮಿಸ್ಡ್ ಕಾಲ್ ಮೆಸೇಜ್ ಬರುತ್ತದಲ್ಲ, ಸಾಕು ಅಂದಿದ್ದರೆ ಮುಗಿಯುತ್ತಿತ್ತು. ನಾನು ವಾಯ್ಸ್‌ಮೇಲ್ ಹಾಕಿಕೊಟ್ಟೆ. ಅವರ ಸಿಮ್ಮಿನಲ್ಲಿ ಇದೆ, ಇಲ್ಲಿ ಯಾರೂ ಬಳಸುವುದಿಲ್ಲ. ಫೋನ್ ಸಿಗದಿದ್ದರೆ ಮಾಡಿದವರು ಮಾತನ್ನು ಅದರಲ್ಲಿ ಬಿಟ್ಟು ಹೋಗಬಹುದು. ಮೇಲೆ ಒಂದು ಗುರುತು ಬರುತ್ತದೆ, ಒತ್ತಿ ಕೇಳಿಸಿಕೊಳ್ಳಿ ಅಂದೆ. ಪಿನ್ ಕೇಳಿತು, ನನ್ನ ಹುಟ್ಟಿದ ದಿನ ಹಾಕಿ ಚೀಟಿಯಲ್ಲಿ ಬರೆದುಕೊಟ್ಟೆ. ನನ್ನ ಫೋನಿನಿಂದ ಮಾಡಿ ನೋಡಿದೆ. ರಿಂಗೇ ಆಗದೆ ಸೀದಾ ಅದಕ್ಕೇ ಹೋಯಿತು. “ಹಲೋ, ಟೆಸ್ಟಿಂಗ್, ಕವಿತ” ಅಂತ ಮಾತಾಡಿದೆ. ಖುಷಿಯಾಯಿತು. ಅವರಿಗೂ.

“ಎಷ್ಟು ಓದಿದೀಯಮ್ಮ?” ಅಂತ ಕೇಳಿದರು. ಸೆಕೆಂಡ್ ಪಿಯುಸಿ ಅರ್ಧಕ್ಕೆ ಬಿಟ್ಟೆ ಅಂದೆ. ಮನೆ ಕಷ್ಟಕ್ಕೆ ಬಿಟ್ಟಳು ಅಂತ ಅಮ್ಮ ಎಲ್ಲರಿಗೂ ಹೇಳುತ್ತಾಳೆ. ಸುಳ್ಳು. ಕೂರಲಾಗಲಿಲ್ಲ, ಅಷ್ಟೆ.

ಫೆಬ್ರವರಿ 14

ನಾರಾಯಣಮ್ಮ ಮತ್ತೆ ಬಂದಿದ್ದರು. ನಾಲ್ಕು ದಿನದಿಂದ ಒಂದೂ ಫೋನ್ ಬಂದಿಲ್ಲವಂತೆ. ಅಂಗಡಿ ತುಂಬ ಜನ. ಪರೀಕ್ಷೆ ಹತ್ತಿರ ಬಂತಲ್ಲ, ಮಾದರಿ ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆಸಲು ಕಾಲೇಜು ಹುಡುಗಿಯರು. ಒಬ್ಬಳು ನನ್ನ ಪಕ್ಕ ಕೂರುತ್ತಿದ್ದ ಶ್ರೀವಿದ್ಯಾಳ ತಂಗಿ. ತಲೆ ಎತ್ತದೆ ಕೆಲಸ ಮಾಡಿದೆ.

ಸಿಮ್ ತೆಗೆದು ಒರೆಸಿ ಹಾಕಿದೆ. ರೀಸ್ಟಾರ್ಟ್. ಮೇಲೆ ಜಾಹೀರಾತು, ಅಪ್‌ಡೇಟ್, ಏನೇನೋ ತುಂಬಿಕೊಂಡಿತ್ತು, ಒಂದೇ ಸಲಕ್ಕೆ ಎಲ್ಲ ಗುಡಿಸಿ ಹಾಕಿದೆ. ಅದರಿಂದ ನನಗೆ ಕಾಲ್ ಮಾಡಿದೆ, ಬಂತು.

“ಫೋನ್ ಸರಿಯಾಗಿದೆಯಮ್ಮ. ಯಾರೂ ಮಾಡ್ತಿಲ್ಲ, ಅಷ್ಟೆ” ಅಂದೆ.

ಈ ವಾರ ಯಾರದ್ದೂ ಹಣ್ಣಾಗಿಲ್ಲವೇನೋ ಅಂತ ತಮಗೆ ತಾವೇ ಹೇಳಿಕೊಂಡು ಹೋದರು.

ಫೆಬ್ರವರಿ 17, ಸೋಮವಾರ, ಸಂಜೆ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಹತ್ತು ಗಂಟೆಗೆ ನಾರಾಯಣಮ್ಮ ಬಂದರು. ಜೊತೆಗೆ ಅವರ ಗುಂಪಿನ ಶೈಲಜಾ. ಫೋನನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದರು. ಬಿಚ್ಚಿ ಟೇಬಲ್ ಮೇಲೆ ಇಟ್ಟರು.

ಪಕ್ಕದ ಹಳ್ಳಿಯ ವೆಂಕಟರಾಮಪ್ಪನವರ ಹುಳ ಶನಿವಾರ ಬೆಳಗಿನ ಜಾವ ಹಣ್ಣಾಗಿದೆ. ನಾರಾಯಣಮ್ಮನಿಗೆ ಮೊದಲು ಕೆಲಸ ಕೊಟ್ಟವರೇ ಅವರು. ಹನ್ನೊಂದು ಸಲ ಫೋನ್ ಮಾಡಿದ್ದಾರೆ. ಪ್ರತಿ ಸಲವೂ ಯಾವಳೋ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ. ಬೆಳಕಾಗುವವರೆಗೂ ಕಾದರು. ಆಮೇಲೆ ಗಂಡ ಹೆಂಡತಿ ಇಬ್ಬರೇ ಆದಷ್ಟು ಆರಿಸಿ ಹಾಕಿದರು. ಉಳಿದ ಹುಳ ಸೊಪ್ಪಿನ ಕಸದಲ್ಲಿ, ತಟ್ಟೆಯ ಮೂಲೆಯಲ್ಲಿ, ಒಂದರ ಮೇಲೊಂದು ಗೂಡು ಕಟ್ಟಿಬಿಟ್ಟವು. ಮಾರುಕಟ್ಟೆಯಲ್ಲಿ ಅದನ್ನು ಕೈಯಲ್ಲಿ ಮುಟ್ಟುವವರಿಲ್ಲ.

ಆ ಸಂಜೆ ಹಾಲಿನ ಡೇರಿ ಮುಂದೆ, ಎರಡು ಊರಿನವರೂ ಹಾಲು ಹಾಕುವ ಹೊತ್ತಿನಲ್ಲಿ, ವೆಂಕಟರಾಮಪ್ಪ ಎಲ್ಲರೆದುರು ಹೇಳಿದರಂತೆ: ನಾರಾಯಣಮ್ಮ ದೊಡ್ಡವಳಾಗಿಬಿಟ್ಟಳು, ಫೋನಿಗೆ ಒಬ್ಬ ಹೆಂಗಸನ್ನು ಕೂರಿಸಿದ್ದಾಳೆ, ಇನ್ನು ಮೇಲೆ ಬೇರೆ ಗುಂಪಿನವರೇ ನಮಗೆ.

ಅಲ್ಲಿಗೇ ಮುಗಿದಿದ್ದರೆ...

ನಾರಾಯಣಮ್ಮ ಹೇಳಿದ್ದು ಹಾಗೇ ಬರೆಯುತ್ತೇನೆ. “ನೀನು ಹೇಳಿದ್ಯಲ್ಲಮ್ಮ, ಫೋನ್ ಸರಿಯಾಗಿದೆ, ಯಾರೂ ಮಾಡ್ತಿಲ್ಲ ಅಂತ. ನಾನೂ ಅವ್ನಿಗೆ ಅದೇ ಹೇಳ್ದೆ. ನೀನು ಫೋನೇ ಮಾಡಿಲ್ಲ, ಬೇರೆಯವ್ರನ್ನ ಕರೆಯಕ್ಕೆ ಸುಳ್ಳು ಹೇಳ್ತಾ ಇದೀಯ ಅಂದ್ಬಿಟ್ಟೆ. ಅಷ್ಟು ಜನದ ಮುಂದೆ. ಅವ್ನು ಕ್ಯಾನ್ ಎತ್ಕೊಂಡು ಹೋದ.”

ಅದಕ್ಕೇ ಇನ್ನೊಂದು ಸಲ ನೋಡು ಅಂತ ಬಂದಿದ್ದಾರೆ. ಫೋನ್ ಸರಿಯಿದೆ ಅಂತ ಖಚಿತ ಮಾಡಿಕೊಳ್ಳಲು.

ಸೆಟ್ಟಿಂಗ್ಸ್ ತೆಗೆದೆ. ಕಾಲ್ ಫಾರ್ವರ್ಡಿಂಗ್. ನಾಲ್ಕು ಸಾಲು ಇರುತ್ತವೆ. ಯಾವಾಗಲೂ. ಬಿಜಿ ಇದ್ದಾಗ. ಎತ್ತದಿದ್ದಾಗ. ಸಿಗದಿದ್ದಾಗ. ನಾನು ಹಾಕಬೇಕಾದದ್ದು ಕೊನೆಯದು. ಹಾಕಿದ್ದು ಮೊದಲನೆಯದು. ಎಲ್ಲ ಕಾಲ್ ಸೀದಾ ಆ ಇಂಗ್ಲಿಷ್ ಹೆಂಗಸಿನ ದನಿ ಇರುವ ವಾಯ್ಸ್‌ಮೇಲಿಗೆ. ಏಳು ದಿನದಿಂದ.

ಟೆಸ್ಟ್ ಮಾಡಿ ಖುಷಿಪಟ್ಟೆನಲ್ಲ ಅವತ್ತು. ಅವರ ಫೋನು ನನ್ನ ಕೈಯಲ್ಲೇ ಇತ್ತು, ಟವರ್ ಪೂರ್ತಿ ಇತ್ತು. ರಿಂಗ್ ಆಗಬೇಕಿತ್ತು. ಆಗಲಿಲ್ಲ. ಅದನ್ನೇ ಸರಿಯಾಗಿದೆ ಅಂದುಕೊಂಡೆ. ಹದಿನಾಲ್ಕರಂದು ಗುಡಿಸಿ ಹಾಕಿದ್ದರಲ್ಲಿ ಆ ಗುರುತೂ ಇದ್ದಿರಬೇಕು. ಆಮೇಲೆ ಮತ್ತೆ ಬಂದದ್ದು ಜಾಹೀರಾತುಗಳ ನಡುವೆ ಅವರಿಗೆ ಕಂಡಿಲ್ಲ.

ಆಫ್ ಮಾಡಿದೆ. ಅಂಬರೀಶಣ್ಣ ಹಿಂದಿನಿಂದ ನೋಡಿದರು, ಅವರಿಗೆ ಅರ್ಥವಾಯಿತು. ನನಗಿಂತ ಮೊದಲು ಅವರೇ ಮಾತಾಡಿದರು, ನೆಟ್‌ವರ್ಕ್ ಸಮಸ್ಯೆ, ಈಗ ಎಲ್ಲ ಕಡೆ ಹೀಗೇ ಆಗುತ್ತಿದೆ, ಇನ್ನು ಬರುತ್ತೆ ಅಂದರು. ನಾರಾಯಣಮ್ಮ ನನ್ನ ಮುಖ ನೋಡಿದರು. ಅವರು ನಂಬುವುದು ನನ್ನ ಮಾತು.

ಸುಮ್ಮನಿದ್ದೆ.

ಸುಮ್ಮನಿದ್ದೆ. ಹಾಳಾದ ಗ್ಲಾಸಿನ ಬಗ್ಗೆ ಹೇಳುವವಳು.

ಫೆಬ್ರವರಿ 18

ಇನ್ನೊಂದು ತಪ್ಪು. ಪಿನ್ ನನಗೆ ಗೊತ್ತು. ಊಟದ ಹೊತ್ತಿನಲ್ಲಿ ಅಂಗಡಿ ಹಿಂದೆ ನಿಂತು, ವಾಯ್ಸ್‌ಮೇಲಿಗೆ ಕಾಲ್ ಮಾಡಿ, ಅವರ ನಂಬರೂ ಪಿನ್ನೂ ಒತ್ತಿ, ಕೇಳಿಸಿಕೊಂಡೆ. ಬೇರೆಯವರ ಮಾತು. ಕೇಳಬಾರದಿತ್ತು.

ಹತ್ತೊಂಬತ್ತು ಇದ್ದವು. ಮೊದಲನೆಯದು ನನ್ನದೇ ಟೆಸ್ಟಿಂಗ್. ಎಂಥ ಜಂಬದ ದನಿ. ಆಮೇಲೆ ಯಾರೋ ಮೂರು ಜನ ರೈತರು, ಮತ್ತೆ ಮತ್ತೆ ಮಾಡಿದ್ದು. ಇಬ್ಬರು ಅರ್ಧ ಮಾತಿಗೇ ಕಟ್ ಮಾಡಿದ್ದಾರೆ. ಒಬ್ಬರು ಆ ಹೆಂಗಸಿನ ಜೊತೆಗೇ ಜಗಳಕ್ಕೆ ಬಿದ್ದಿದ್ದಾರೆ, ನಾರಾಯಣಮ್ಮನಿಗೆ ಕೊಡು ಫೋನು ಅಂತ.

ಆಮೇಲೆ ವೆಂಕಟರಾಮಪ್ಪ. ನಾಲ್ಕು ಗಂಟೆಯಿಂದ. ಮೊದಮೊದಲು ಹುಳ ಏಳುತ್ತಿದೆ ಬೇಗ ಬಾ ಅಂತ. ಹಿಂದೆ ಹೆಂಡತಿಯ ದನಿ ಕೇಳಿಸುತ್ತದೆ. ಆಮೇಲೆ ಬೈಗುಳ. ಕೊನೆಯದರಲ್ಲಿ ಬೈಗುಳವಿಲ್ಲ. ಸ್ವಲ್ಪ ಹೊತ್ತು ಬರೀ ಉಸಿರು. ಆಮೇಲೆ ತೆಲುಗಿನಲ್ಲಿ, “ನಾರಾಯಣಮ್ಮಾ, ಏಮಾಯೆಮ್ಮಾ ನೀಕು?” ಏನಾಯಿತಮ್ಮ ನಿನಗೆ ಅಂತ. ಆಮೇಲೆ ಕನ್ನಡದಲ್ಲಿ, “ಹುಷಾರಾಗಿದೀಯೇನಮ್ಮ? ನೀನು ಎತ್ತದೇ ಇರೋಳಲ್ಲ.”

ಹುಳ ಹಾಳಾಗುತ್ತಿರುವಾಗ ಆ ಮನುಷ್ಯ ಇವರ ಆರೋಗ್ಯ ಕೇಳಿದ್ದಾರೆ. ಅವರನ್ನು ನಾರಾಯಣಮ್ಮ ಸುಳ್ಳ ಅಂದರು. ನನ್ನ ಮಾತು ಹಿಡಿದುಕೊಂಡು.

ಊಟದ ಡಬ್ಬಿ ಬಿಚ್ಚದೆ ಕೆಲಸಕ್ಕೆ ಹೋದೆ.

ಫೆಬ್ರವರಿ 20

ಅಂಬರೀಶಣ್ಣನಿಗೆ ಹೇಳಿದೆ, ಹೋಗಿ ಹೇಳಿ ಬರುತ್ತೇನೆ ಅಂತ. ಬೇಡ ಅಂದರು. ಅಂಗಡಿ ಹೆಸರು ಹೋಗುತ್ತೆ, ಹಳ್ಳಿಯವರು ಗುಂಪು ಕಟ್ಟಿಕೊಂಡು ಬರುತ್ತಾರೆ, ಬೇಕಾದರೆ ಆಯಮ್ಮನಿಗೆ ಒಂದು ಹೊಸ ಬ್ಯಾಟರಿ ಹಾಕಿಕೊಡೋಣ. “ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಏನೂ ಆಗಲ್ಲ ಕಣಮ್ಮ” ಅಂದರು.

ಆಗಿಹೋಗಿದೆಯಲ್ಲ ಅಂದೆ.

ಕೆಟ್ಟವರಲ್ಲ. ಓದು ಬಿಟ್ಟವಳನ್ನು ಕರೆದು ಕೆಲಸ ಕಲಿಸಿದರು. ಆದರೆ ಅವತ್ತು ಅವರು ಹೇಳಿದ ಸುಳ್ಳಿನ ಹಿಂದೆ ಅಡಗಿಕೊಂಡವಳು ನಾನು. ಅದನ್ನು ಅವರ ಮೇಲೆ ಹಾಕುವ ಹಾಗಿಲ್ಲ.

ಫೆಬ್ರವರಿ 21, ಶುಕ್ರವಾರ

ಹೋದೆ. ರಜೆ ಕೇಳಲಿಲ್ಲ, ಹೋಗುತ್ತಿದ್ದೇನೆ ಅಂತ ಹೇಳಿ ಬಸ್ ಹತ್ತಿದೆ.

ಮಧ್ಯಾಹ್ನ ಮೂರು ಗಂಟೆ. ನಾರಾಯಣಮ್ಮ ಜಗಲಿ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಶೈಲಜಾ, ಇನ್ನೂ ನಾಲ್ಕು ಹೆಂಗಸರು. ಎಂಟರಲ್ಲಿ ಇಬ್ಬರು ಆ ಬೇರೆ ಗುಂಪಿಗೆ ಹೋಗಿಬಿಟ್ಟಿದ್ದರು. ಕೂತ್ಕೋ ಅಂದರು. ಕೂರಲಿಲ್ಲ. ನಿಂತೇ ಹೇಳಿದೆ. ಒಂದನ್ನೂ ಬಿಡದೆ. ನಾಲ್ಕು ಸಾಲು, ನಾನು ಒತ್ತಿದ ಸಾಲು, ಗುಡಿಸಿ ಹಾಕಿದ್ದು, ಸುಮ್ಮನಿದ್ದದ್ದು, ಕದ್ದು ಕೇಳಿದ್ದು.

ಬೈಯುತ್ತಾರೆ ಅಂತ ಕಾದೆ. ಶೈಲಜಾ ಬೈದರು, ಚೆನ್ನಾಗಿಯೇ. ಫೋನ್ ರಿಪೇರಿ ಅಂತ ಬೋರ್ಡ್ ಹಾಕ್ಕೊಂಡು ನಮ್ಮ ಬಾಳು ಕೆಡಿಸಿದಳು ಅಂದರು. ನಾರಾಯಣಮ್ಮ ಬೀಜ ಬಿಡಿಸುತ್ತಲೇ ಇದ್ದರು. ಹಾಗೇ ಕೇಳಿದರು, ಆ ಮಾತೆಲ್ಲ ಇನ್ನೂ ಅದರಲ್ಲಿ ಇದೆಯಾ ಅಂತ.

ಸ್ಪೀಕರ್ ಹಾಕಿದೆ. ಹುಣಸೆಹಣ್ಣಿನ ಕೈ ಹಾಗೇ ಇಟ್ಟುಕೊಂಡು ಹತ್ತೊಂಬತ್ತನ್ನೂ ಕೇಳಿದರು. ಬೈಗುಳ ಬಂದಾಗ ಶೈಲಜಾ ನಕ್ಕರು. ಕೊನೆಯದಕ್ಕೆ ಯಾರೂ ನಗಲಿಲ್ಲ. ನಾರಾಯಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

“ನನ್ಹತ್ರ ಹೇಳಿದ್ದು ಸುಲಭ” ಅಂದರು. “ನಾನು ಎಲ್ಲಿ ಅಂದ್ನೋ ಅಲ್ಲಿ ಬಂದು ಹೇಳು.”

ಐದೂವರೆಗೆ ಡೇರಿ ಮುಂದೆ. ಕ್ಯಾನುಗಳ ಸಾಲು, ನಲವತ್ತು ಜನ ಇದ್ದರೇನೋ. ವೆಂಕಟರಾಮಪ್ಪ ಸಣ್ಣ ಆಳು, ತಲೆಗೆ ಟವೆಲ್. ಧ್ವನಿ ಕೇಳಿದ್ದೆ, ಮುಖ ಈಗ ನೋಡಿದೆ. ಹೇಳಿದೆ. ಯಾರೋ ಕೇಳಿದರು, ಏನು ಓದಿರೋದು ಅಂತ. ಪಿಯುಸಿ ಬಿಟ್ಟವಳು ಅಂದೆ. ಹಿಂದೆ ಯಾರೋ ನಕ್ಕರು, ಅದಕ್ಕೇ ಅಂದರು. ನೆಲ ನೋಡಿಕೊಂಡು ನಿಂತೆ. ಚೆಲ್ಲಿದ ಹಾಲಿನಲ್ಲಿ ಇರುವೆ ಮುತ್ತಿತ್ತು.

ನಾರಾಯಣಮ್ಮ ನನ್ನನ್ನು ಸರಿಸಿ ಮುಂದೆ ಬಂದರು. “ಫೋನಿಂದು ಇವಳ ತಪ್ಪು ಕಣಣ್ಣ. ನಿನ್ನ ಸುಳ್ಳ ಅಂದಿದ್ದು ನಂದು” ಅಂದರು.

ವೆಂಕಟರಾಮಪ್ಪ ಕ್ಯಾನ್ ಎತ್ತಿ ಸಾಲಿನಲ್ಲಿ ಮುಂದಿಟ್ಟರು. ಆಮೇಲೆ, ಮುಂದಿನ ಬೆಳೆಗೆ ಆ ಬೇರೆ ಗುಂಪಿನವರಿಗೆ ಮಾತು ಕೊಟ್ಟುಬಿಟ್ಟಿದ್ದೇನೆ ಅಂದರು. ಅಷ್ಟೆ. ಹಾಲು ಅಳೆಸಿಕೊಂಡು ಹೋದರು.

ಬಸ್‌ಸ್ಟಾಪಿನಲ್ಲಿ ನಾರಾಯಣಮ್ಮ ಹೇಳಿದರು: “ಎರಡು ಕೈ ಕಮ್ಮಿಯಾಗಿದೆ ನಂಗೆ. ಭಾನುವಾರ ಭಾನುವಾರ ಬಾ. ಬೆಳಿಗ್ಗೆ ಐದಕ್ಕೆ.”

ಮಾರ್ಚ್ 9, ಭಾನುವಾರ

ಹುಳ ಹಣ್ಣಾಗಿದೆ ಅಂತ ಗೊತ್ತಾಗುವುದು ಹೇಗೆ ಅಂದರೆ, ಸೊಪ್ಪು ತಿನ್ನುವುದು ಬಿಟ್ಟು ತಲೆ ಎತ್ತುತ್ತದೆ. ಮೈ ಬೆಳಕಿಗೆ ಹಿಡಿದರೆ ಜೇನಿನ ಬಣ್ಣ, ಒಳಗೆ ಕಾಣುತ್ತದೆ. ನಾನು ಹಸಿ ಹುಳವನ್ನೂ ಆರಿಸಿ ಹಾಕಿದೆ. ಬೈಸಿಕೊಂಡೆ. ಯಾವುದು ಹಸಿ ಅಂತ ಕೇಳಿ ಕೇಳಿ ಆರಿಸಿದೆ. ಈಗ ಪ್ರತಿಯೊಂದನ್ನೂ ಎರಡು ಸಲ ನೋಡುತ್ತೇನೆ, ಶೈಲಜಾಗೆ ಸಿಟ್ಟು ಬರುವಷ್ಟು. ಸೊಂಟ ನೆಟ್ಟಗಾಗುತ್ತಿಲ್ಲ.

ಕೂರಲಾಗದವಳು ಆರು ಗಂಟೆ ಕುಕ್ಕರಗಾಲಲ್ಲಿ ಕೂತಿದ್ದೆ.

ಮಾರ್ಚ್ 23, ಭಾನುವಾರ

ಆವಲಪ್ಪ ಅನ್ನುವವರ ಹುಳದ ಮನೆ. ಏಳು ಜನ ನಾವು, ಎಂಟರ ಕೆಲಸ. ಒಂಬತ್ತು ಗಂಟೆಗೆ ಬಾಗಿಲಲ್ಲಿ ಬೆಳಕು ಮರೆಯಾಯಿತು. ವೆಂಕಟರಾಮಪ್ಪ. ಚಂದ್ರಿಕೆ ಕಡಿಮೆಯಿದೆ, ಆವಲಪ್ಪನವರ ಹತ್ತಿರ ಹತ್ತು ಕೇಳಲು ಬಂದಿದ್ದರು. ಚಂದ್ರಿಕೆ ಸಿಕ್ಕಿತು. ಹೋಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ತಟ್ಟೆ ನೋಡುತ್ತ ನಿಂತರು. ನನ್ನನ್ನು ನೋಡಿದರು.

“ಈ ಹುಡುಗಿ ಇಲ್ಲೇನು ಮಾಡ್ತಾಳೆ?”

“ನಮ್ಮ ಜೊತೆಯವಳು” ಅಂದರು ನಾರಾಯಣಮ್ಮ. ತಲೆಯೂ ಎತ್ತಲಿಲ್ಲ.

ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ವೆಂಕಟರಾಮಪ್ಪ ಒಂದು ಹುಳ ಎತ್ತಿ ಬೆಳಕಿಗೆ ಹಿಡಿದರು, ಚಂದ್ರಿಕೆಗೆ ಬಿಟ್ಟರು. ತಮ್ಮದು ಇಪ್ಪತ್ತೆಂಟಕ್ಕೆ ಹಣ್ಣಾಗುತ್ತದೆ ಅಂದರು. ಆ ಬೇರೆ ಗುಂಪಿನಲ್ಲಿ ನಾಲ್ಕೇ ಜನ, ಸಾಲುವುದಿಲ್ಲ ಅಂದರು. ಕರೆಯುತ್ತಿದ್ದಾರೆ ಅಂತ ಎಲ್ಲರಿಗೂ ತಿಳಿಯಿತು. ಶೈಲಜಾಳ ಕೈ ನಿಂತುಬಿಟ್ಟಿತು.

“ಮಾತು ಕೊಟ್ಟಿದೀಯಲ್ಲಣ್ಣ, ಈ ಸಲ ಅವರೇ ಮಾಡ್ಲಿ” ಅಂದರು ನಾರಾಯಣಮ್ಮ. “ಸಾಲ್ದೇ ಹೋದ್ರೆ ಅವರ ಕೈ ಕೆಳಗೆ ಬಂದು ಮಾಡ್ತೀವಿ. ಅದರ ಮುಂದಿನದು ನಂದು.”

ಅವರು ಹ್ಞೂ ಅಂದರು. ಟವೆಲ್ ಕೊಡವಿದರು. ಹೊಸಿಲು ದಾಟಿ ನಿಂತು, ತಿರುಗಿ ಹೇಳಿದರು:

“ಫೋನ್ ಮಾಡಲ್ಲಮ್ಮ. ಮನೆ ಬಾಗಿಲಿಗೇ ಬರ್ತೀನಿ.”

ಹೆಂಗಸರೆಲ್ಲ ನಕ್ಕರು. ನಾರಾಯಣಮ್ಮನೂ. ನಾನು ತಟ್ಟೆಗೆ ಬಗ್ಗಿದೆ. ವೆಂಕಟರಾಮಪ್ಪನವರ ಊರಿಂದ ನಾರಾಯಣಮ್ಮನ ಮನೆಗೆ ಮೂರು ಕಿಲೋಮೀಟರ್. ಗಾಡಿ ಓಡಿಸಲು ಬರುವುದಿಲ್ಲ ಅವರಿಗೆ. ಹುಳ ತಲೆ ಎತ್ತುವ ಹೊತ್ತಿನಲ್ಲಿ, ಕತ್ತಲಲ್ಲಿ, ತೋಟಗಳ ನಡುವೆ ನಡೆದುಕೊಂಡೇ ಬರಬೇಕು, ನಾನು ಒತ್ತಿದ ಒಂದು ತಪ್ಪು ಸಾಲಿನಿಂದ. ಅದನ್ನು ಅವರು ತಮಾಷೆಗೆ ಹೇಳಲಿಲ್ಲ. ನಾನು ಮಾತ್ರ ನಗದೆ, ಮುಂದಿನ ಹುಳವನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದೆ.