ಬರಗಾಲ ಎಂಬ ತಪ್ಪು ಪದ

ನವೆಂಬರ್ ೧೯

ಮಾನ್ಯ ಮಾರ್ಕಿಯಾನ್ ಅವರಿಗೆ,

ನಮ್ಮ ಸಂಗ್ರಹಾಲಯದ ಫಲಕಗಳಲ್ಲಿರುವ ಉಕ್ರೇನಿಯನ್ ಕಾಲಘಟ್ಟಗಳ ಹೆಸರುಗಳನ್ನೆಲ್ಲ ಇಂಗ್ಲಿಷಿಗೆ ತಂದಿದ್ದೇನೆ. ಒಂದನ್ನು ಮಾತ್ರ ತಿದ್ದಬೇಕು. ೧೯೩೨-೩೩ರಲ್ಲಿ ಉಕ್ರೇನಿನ ಲಕ್ಷಾಂತರ ಜನರನ್ನು ಹಸಿವಿನಿಂದ ಸಾಯಿಸಿದ ಹೊಲೊದೊಮೋರ್‌ಗೆ ನಾನು ಬರಗಾಲ ಎಂಬರ್ಥದ ಪದ ಕೊಟ್ಟಿದ್ದೆ.

ನಿನ್ನೆ ಬೆಳಿಗ್ಗೆ ಆ ಫಲಕವನ್ನು ಗೋಡೆಗೆ ಹಿಡಿದು ನೋಡುತ್ತಿದ್ದಾಗ ತಲೆವಸ್ತ್ರ ಕಟ್ಟಿದ ಹೆಂಗಸೊಬ್ಬಳು ಪಕ್ಕದಲ್ಲಿ ನಿಂತಿದ್ದಳು.

“ಬರಗಾಲ ಅಂತ ಬರೆದ್ಯೇನಮ್ಮ? ಆ ವರ್ಷ ಮಳೆ ಬಂದಿತ್ತು ಕಣೇ. ಗೋಧಿನೂ ಬೆಳೆದಿತ್ತು. ಸರ್ಕಾರದೋರು ಮನೆಗೆ ನುಗ್ಗಿ ಕೊನೇ ಹಿಡಿ ಕಾಳೂ ಹೊತ್ಕೊಂಡ್ ಹೋದ್ರು. ಅದನ್ನ ಬರ ಅಂತಾರಾ?”

ನಾನು ಅವಳ ಹೆಸರು ಕೇಳಿದೆ.

“ಯಾವ್ದೋಖಾ ಕಿರ್ಪಾ. ಈ ಗೋಡೇಲಿರೋ ಸತ್ತವರ ಪಟ್ಟೀಲಿ ಮೋತ್ರ್ಯಾ ಅಂತ ಹಾಕಿದೀರಿ. ಅವಳು ನನ್ನ ತಂಗಿ. ಅವಳು ಬದುಕಿದ್ಲು.”

ನಾನು ಪಟ್ಟಿಯತ್ತ ತಿರುಗಿ ನೋಡಿ ಮತ್ತೆ ಈಚೆ ತಿರುಗುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ. ಮುಂಬಾಗಿಲಿಗೆ ಇನ್ನೂ ಬೀಗವಿತ್ತು. ಆ ಅಕ್ಕತಂಗಿಯರ ಹಳ್ಳಿಯ ಮರಣ ದಾಖಲೆ ತೆಗೆಸಿ ನೋಡಿದೆ. ೧೯೩೩ರಲ್ಲಿ ತೀರಿಕೊಂಡದ್ದು ಯಾವ್ದೋಖಾ, ವಯಸ್ಸು ಇಪ್ಪತ್ತಾರು.

ದಯವಿಟ್ಟು ಹೊಲೊದೊಮೋರ್ ಎಂಬ ಪದವನ್ನು ಹಾಗೆಯೇ ಉಳಿಸಿ, ಕೆಳಗೆ ‘ಹಸಿವಿನಿಂದ ಕೊಂದದ್ದು’ ಎಂದು ಇಂಗ್ಲಿಷಿನಲ್ಲಿ ಬರೆಸಿ. ಪಟ್ಟಿಯಲ್ಲಿ ಮೋತ್ರ್ಯಾ ಬದಲು ಯಾವ್ದೋಖಾ ಎಂದಾಗಬೇಕು; ಉಳಿದ ಹೆಸರುಗಳನ್ನೂ ಬೇಗ ಪರಿಶೀಲಿಸಬೇಕು. ಇಂದು ನಾನು ಬೀಗ ತೆಗೆದು ಬಾಗಿಲು ತೆರೆದಾಗ ಒಳಗೆ, ಆ ಗೋಡೆಯ ಮುಂದೆ, ಜನ ಸಾಲುಗಟ್ಟಿ ನಿಂತಿದ್ದರು.

ವಿಶ್ವಾಸದಿಂದ,
ಓರಿಸ್ಯಾ ಹ್ನಾತ್ಯುಕ್