ಬೂಬಾಳಿಗಾಗಿ ಮುಚ್ಚಿದ ಬಾಗಿಲು

ಸೊಂಬೋರ್
ಡಿಸೆಂಬರ್ 3, 2019

ಪ್ರೀತಿಯ ತಮ್ಮ ತೋಜಾ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ನಲವತ್ತು ವರ್ಷ ಊರವರ ಕಾಗದ ಹಂಚಿದವನು ತನ್ನದನ್ನೇ ಬರೆಯದೆ ಕೂತ ಎಂದು ಬೈದುಕೋ, ಬೇಡವೆನ್ನುವುದಿಲ್ಲ. ನಿನ್ನ ಮಂಡಿನೋವು ಹೇಗಿದೆ? ನೀಶ್‌ನಲ್ಲಿ ಚಳಿ ಜೋರೇ?

ಸುದ್ದಿ ಇದು: ನಾನೊಂದು ನಾಯಿ ಸಾಕಲಿದ್ದೇನೆ. ಹದಿನಾಲ್ಕಕ್ಕೆ ನಾಯಿಗಳ ಆಶ್ರಯಧಾಮದಿಂದ ಕರೆತರುತ್ತೇನೆ. ಹೆಸರು ಬೂಬಾ, ಏಳು ವರ್ಷದ ಪುಟ್ಟ ಪಿನ್ಷರ್ ತಳಿ, ನನ್ನ ಹಳೆಯ ಅಂಚೆಚೀಲದಲ್ಲಿ ಹಿಡಿಸುವಷ್ಟು ಗಾತ್ರ. ಅಲ್ಲಿ ಕೆಲಸ ಮಾಡುವ ತಿಯಾನಾ ಮನೆ ನೋಡಲು ಬಂದಿದ್ದಳು. "ಅಜ್ಜಾ, ಈ ಸೋಫಾ ಎತ್ತರ ಆಯ್ತು, ಹಾರಿದ್ರೆ ಇವಳ ಕಾಲು ಮುರಿಯುತ್ತೆ. ಬೇಲಿ ಸಂದೀಲಿ ನುಸುಳ್ತಾಳೆ, ಮುಚ್ಚಿ" ಅಂದಳು. ಅಂಚೆಯವನಿಗೆ ನಾಯಿಯ ವಿಷಯ ಹೇಳಿಕೊಡುತ್ತಾಳೆ! ಆದರೂ ಬೇಲಿಗೆ ಜಾಲರಿ ಹೊಡೆದೆ, ಸೋಫಾದ ಕಾಲುಗಳನ್ನು ಗರಗಸದಿಂದ ಕೊಯ್ದೆ. ಈಗ ಕೂತರೆ ಏಳಲು ನನಗೇ ಕಷ್ಟ, ಇರಲಿ.

ಇನ್ನೊಂದು ಮಾತು ಹೇಳಿದಳು. ಬೂಬಾಳಿಗೆ ಗದ್ದಲವೆಂದರೆ ಭಯ, ಮೊದಲ ಎರಡು ವಾರ ಮನೆಯಲ್ಲಿ ಜನ ಸೇರಬಾರದಂತೆ. ಹತ್ತೊಂಬತ್ತಕ್ಕೆ ನಮ್ಮ ಮನೆಯ ಸಂತ ನಿಕೊಲಾನ ಹಬ್ಬ. ಆ ದಿನ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ತಾವಾಗಿ ಬಂದವರಿಗೆ ಬಾಗಿಲು ಹಾಕುವುದೂ ಇಲ್ಲ ಎಂದು ಅಪ್ಪ ಹೇಳುತ್ತಿದ್ದದ್ದು ನನಗೂ ನೆನಪಿದೆ. ಆದರೂ ಈ ಸಲ ಯಾರೂ ಬರಬೇಡಿ ಎಂದು ಮನೆಮನೆಗೆ ಹೋಗಿ ಹೇಳಿಬಂದೆ. ಪಕ್ಕದ ಮನೆಯ ಓಲ್ಗಾ ಬಿಟ್ಟಾಳೆಯೇ?

"ನಾಯಿಗೋಸ್ಕರ ಹಬ್ಬದ ದಿನ ಬಾಗ್ಲು ಹಾಕ್ಕೊಳ್ತೀಯಾ? ತಲೆ ಕೆಟ್ಟಿದೆಯೇನೋ ರಾದಿವೋಯ್?"

"ಕೆಟ್ಟಿರ್ಲಿ ಬಿಡೇ, ನಾಯಿ ಚೆನ್ನಾಗಿರ್ಬೇಕು" ಅಂದೆ. ಮೇಣದಬತ್ತಿ ಹಚ್ಚುತ್ತೇನೆ, ಹಬ್ಬದ ರೊಟ್ಟಿ ಮುರಿಯುತ್ತೇನೆ, ಅಷ್ಟು ಸಾಕು. ಸಂತನೇನೂ ಮುನಿಸಿಕೊಳ್ಳಲಾರ.

ನೀನೂ ಅಷ್ಟು ದೂರದಿಂದ ಬರುವ ತೊಂದರೆ ತೆಗೆದುಕೊಳ್ಳಬೇಡ. ನಿಕೊಲಾ ನಿನ್ನನ್ನೂ ಮಕ್ಕಳನ್ನೂ ಕಾಯಲಿ.

ನಿನ್ನ ಅಣ್ಣ,
ರಾದಿವೋಯ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನ್ನ ಅತ್ತಿಗೆ ದೆಸಾಂಕಾ ತೀರಿಕೊಂಡ ಮೇಲೆ ಎರಡು ಹಬ್ಬ ಕಳೆದವು. ಎರಡು ಸಲವೂ ಅವಳು ಮಾಡುತ್ತಿದ್ದ ಹಾಗೆಯೇ ಮೀನು ಬೇಯಿಸಿ ಇಪ್ಪತ್ತು ತಟ್ಟೆ ಇಟ್ಟೆ. ಓಲ್ಗಾ ಒಬ್ಬಳು ಬಂದು ಹತ್ತು ನಿಮಿಷ ಕೂತು ಹೋದಳು. ನೀನೂ ಬರಲಿಲ್ಲ. ಜನರೆಲ್ಲ ಬರುತ್ತಿದ್ದುದು ಅವಳಿಗಾಗಿ ಎಂದು ಆಗ ಗೊತ್ತಾಯಿತು, ತುಂಬ ನೋವಾಯಿತು. ಈ ಸಲ ಖಾಲಿ ಮನೆಗೆ ನಾಯಿಯ ನೆಪವಿದೆ, ಅದಕ್ಕೇ ಯಾರೂ ಬರಬೇಡಿ ಎನ್ನಲು ನನಗೆ ಇಷ್ಟು ಧೈರ್ಯ.

ತಿಯಾನಾಳನ್ನು ಕೇಳಿದ್ದೇನೆ. ನೀಶ್‌ನಿಂದ ಒಬ್ಬರು ಬಂದರೆ ಬೂಬಾ ಹೆದರುವುದಿಲ್ಲವಂತೆ.