ಹದಿನೈದು ವರ್ಷದ ಗ್ಯಾಸು

ಶಿರಾ
14 ಸೆಪ್ಟೆಂಬರ್ 2024

ಪ್ರೀತಿಯ ಸರೋಜಾ,

ನೀನು, ಅಡವಯ್ಯನವರು ಚೆನ್ನಾಗಿದ್ದೀರಿ ತಾನೆ? ರಂಜಾನಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೀತಿದ್ದೀನಿ, ಬೈಯಬೇಡ. ಮಿಡಿಗೇಶಿ ಸ್ಕೂಲಲ್ಲಿ ಒಂದೇ ಬೆಂಚಲ್ಲಿ ಕೂತವಳಿಗೆ ಫೋನಲ್ಲಿ ಹೇಳಿ ಮುಗಿಸೋ ಸಂಗತಿಯಲ್ಲ ಇದು.

ನಮ್ಮ ಬೇಕರಿಗೆ ಪೈಪಿನ ಗ್ಯಾಸ್ ಬಂತು ಅಂತ ಬರೆದಿದ್ದೆನಲ್ಲ. ಹದಿನೈದು ವರ್ಷದ ಕರಾರು. ಅಷ್ಟು ವರ್ಷವೂ ಬೇರೆ ಉರುವಲು ಮುಟ್ಟಬಾರದಂತೆ. ಉರಿಸಲಿ ಬಿಡಲಿ, ಗೊತ್ತುಮಾಡಿದಷ್ಟು ಗ್ಯಾಸಿಗೆ ದುಡ್ಡು ಕಟ್ಟಲೇಬೇಕಂತೆ. ಬಕ್ರೀದ್ ಕಳೆದ ಮೇಲೆ ಗ್ಯಾಸೇ ನಿಂತುಹೋಯ್ತು. ಹೊರದೇಶದಿಂದ ಗ್ಯಾಸ್ ತರೋ ಹಡಗು ಬಂದಿಲ್ಲ ಅಂದರು. ಕಲಸಿಟ್ಟ ಹಿಟ್ಟು ಹುಳಿ ಬಂದು ನಾರುತ್ತಿತ್ತು. ನಮ್ಮ ಯಜಮಾನರು ಹಳೇ ಸೌದೆ ಗೂಡಿಗೇ ಬೆಂಕಿ ಹಾಕಿದರು. ತಕ್ಷಣ ಕಂಪನಿಯಿಂದ ನೋಟೀಸು: ಕರಾರು ಮುರಿದಿದ್ದೀರಿ, ಗೂಡು ಒಡೆಯಿರಿ, ಇಲ್ಲದಿದ್ದರೆ ಕೋರ್ಟಿಗೆ ಹೋಗ್ತೀವಿ!

ಹೋದ ವಾರ ಗ್ಯಾಸ್ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರದ ನಿಯಂತ್ರಣ ಮಂಡಳಿ ಸಾಹೇಬರು ಕಲ್ಯಾಣ ಮಂಟಪದಲ್ಲಿ ಅಹವಾಲು ಕೇಳೋಕೆ ಬಂದಿದ್ದರು. ಅದೇ ಸೌದೆ ಗೂಡಿನ ಬಿಸ್ಕತ್ತು ತಿನ್ನುತ್ತಾ ಕೂತರು. ಕಂಪನಿ ಮ್ಯಾನೇಜರು ಎದ್ದು, "ಹಡಗು ತಡವಾಗಿದ್ದು ದೈವಾಧೀನ, ನಮ್ಮ ಜವಾಬ್ದಾರಿಯಲ್ಲ" ಅಂದ.

ನನಗೆ ತಡೆಯಲಿಲ್ಲ. "ನೀವು ಕೊಡದೆ ಹೋದ್ರೆ ದೇವ್ರು, ನಾವು ತಗಳ್ದೆ ಹೋದ್ರೆ ಕೋರ್ಟು! ದೇವ್ರನ್ನೂ ಸಂಬ್ಳಕ್ಕೆ ಇಟ್ಕಂಡಿದೀರಾ ಸ್ವಾಮಿ?" ಅಂದೆ.

ಜನ ನಕ್ಕರು. ಸಾಹೇಬರು ಮೀಸೆ ಮೇಲಿನ ಪುಡಿ ಒರೆಸಿಕೊಂಡು, "ನೋಡಮ್ಮ, ಪೈಪಿನ ಬಾಡಿಗೆ ನೋಡೋದಷ್ಟೇ ನಮ್ಮ ಕೆಲಸ. ಗ್ಯಾಸಿನ ವ್ಯಾಪಾರ ನಿಮ್ಮಿಬ್ಬರ ಮಧ್ಯದ್ದು. ಸಹಿ ಹಾಕೋ ಮುಂಚೆ ಓದಬೇಕಿತ್ತು" ಅಂದರು.

ಓದಬೇಕಿತ್ತಂತೆ! ಇಂಥ ಕಾವಲಿನವರಿಗಿಂತ ಹೊಲದ ಬೆರ್ಚಪ್ಪ ವಾಸಿ ಕಣೇ. ಅವನಿಗೆ ಕಾಗೆಯಾದರೂ ಹೆದರುತ್ತೆ. ಈ ಮಹಾರಾಯ ಹೋಗುವಾಗ ಉಳಿದ ಬಿಸ್ಕತ್ತನ್ನೂ ಕಟ್ಟಿಸಿಕೊಂಡ.

ಗೂಡು ಒಡೆದಿಲ್ಲ, ಒಡೆಯೋದೂ ಇಲ್ಲ. ಈ ಬೆಳಿಗ್ಗೆಯೂ ಜಾಲಿ ಸೌದೆ ಹಾಕಿದ್ದೀನಿ. ಯಾರು ಬರ್ತಾರೋ ಬರಲಿ.

ನಿನ್ನ ಮಗಳು ಲೋಹಿತಾಗೆ ಹೆರಿಗೆ ಸುಸೂತ್ರವಾಗಲಿ ಅಂತ ದುವಾ ಮಾಡ್ತಿದ್ದೀನಿ. ತಾಯಿ ಮಗು ತಣ್ಣಗಿರಲಿ.

ನಿನ್ನ
ಅಫ್ಜಲುನ್ನೀಸಾ

ಮರೆತ ಮಾತು: ಓದದೆ ಯಾಕೆ ಸಹಿ ಹಾಕಿದಿರಿ ಅಂತ ನೀನೂ ಕೇಳ್ತೀಯ. ಆ ಕರಾರು ತಂದವನು ನಮ್ಮ ಸುಹೇಲ್. ಆಗಷ್ಟೇ ಆ ಕಂಪನಿ ಸೇರಿದ್ದ. ಹೆತ್ತ ಮಗ ತಂದದ್ದನ್ನು ಯಾರಾದರೂ ಓದಿ ನೋಡ್ತಾರೇನೆ? ಸಭೆಯಲ್ಲಿ ಮ್ಯಾನೇಜರ್ ಪಕ್ಕದಲ್ಲೇ ಕೂತಿದ್ದ. "ಈಯಮ್ಮ ಯಾರು?" ಅಂತ ಸಾಹೇಬರು ಅವನನ್ನೇ ಕೇಳಿದರು. "ಯಾರೋ ಗ್ರಾಹಕರು ಸರ್" ಅಂದ. "ಪಾಪ, ನೌಕರಿ ಹೋಗಿಬಿಡ್ತಿತ್ತು" ಅಂತ ಯಜಮಾನರು ದಾರಿಯುದ್ದಕ್ಕೂ ಅವನ ಪರ ವಹಿಸಿದರು. ಮನೆಗೆ ಬಂದು ಅಂಗಿ ಬಿಚ್ಚುವಾಗ ಅತ್ತುಬಿಟ್ಟರು. ನನಗಿನ್ನೂ ಅಳು ಬಂದಿಲ್ಲ.